ಮೊಡವೆ ಕಲೆಗೆ ಮನೆಯಲ್ಲಿಯೇ ಕೆಮಿಕಲ್ ಪೀಲ್ ಮಾಡಿಕೊಳ್ಳಬಹುದೇ?

ಕೆನ್ನೆಯಲ್ಲಿ ಹಳೆಯ ಮೊಡವೆ ಕಲೆ, ಎರಡು ತಿಂಗಳಲ್ಲಿ ತಂಗಿಯ ಮದುವೆ, ಕೈಯಲ್ಲಿ ಆನ್‌ಲೈನಿನಿಂದ ತರಿಸಿದ ಶೇ. 30ರ ಗ್ಲೈಕೋಲಿಕ್ ಆಮ್ಲದ ಬಾಟಲಿ. ಕೆಮಿಕಲ್ ಪೀಲ್, ಅಂದರೆ ಆಮ್ಲದಿಂದ ಚರ್ಮದ ಮೇಲ್ಪದರ ಸುಲಿಯುವುದಕ್ಕೆ, ಇದನ್ನು ಹಚ್ಚಿಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ಅದನ್ನು ಮುಚ್ಚಿಡಿ.

ನಾನು ವೈದ್ಯೆಯಲ್ಲ, ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆಯವಳು. ಮೂರು ವರ್ಷಗಳ ಹಿಂದೆ ಇಂಥದೇ ಬಾಟಲಿ ತರಿಸಿದ್ದೆ. ಎರಡು ನಿಮಿಷ ಸಾಕೆಂದು ಅದರಲ್ಲಿ ಬರೆದಿತ್ತು. ಉರಿ ಅಷ್ಟೇನೂ ಇಲ್ಲವಲ್ಲ ಎಂದು ನಾನು ಏಳೆಂಟು ನಿಮಿಷ ಬಿಟ್ಟೆ. ಮರುದಿನ ಅಂಗಳದಲ್ಲಿ ಅಡಿಕೆ ಹರವುತ್ತ ಮಧ್ಯಾಹ್ನದವರೆಗೂ ಬಿಸಿಲಿನಲ್ಲಿದ್ದೆ. ವಾರದೊಳಗೆ ಎಡಗೆನ್ನೆಯಲ್ಲಿ ಮೊಡವೆ ಕಲೆಗಿಂತಲೂ ದೊಡ್ಡ ಕಂದು ಮಚ್ಚೆ ಎದ್ದಿತು. ಮಾಸಲು ಎಂಟು ತಿಂಗಳು ಹಿಡಿಯಿತು. ನಮ್ಮಂಥ ಕಂದು ಚರ್ಮ ಕೆರಳಿದರೆ ಬಣ್ಣವನ್ನೇ ಹೆಚ್ಚು ಸುರಿಸುತ್ತದೆ ಎಂದು ಮಂಗಳೂರಿನ ಚರ್ಮವೈದ್ಯರು ಹೇಳಿದ ಮೇಲೆಯೇ ನನಗೆ ತಿಳಿದದ್ದು.

ಬಾಟಲಿಯ ಮೇಲಿನ ಶೇಕಡಾವನ್ನು ಮಾತ್ರ ನೋಡಿದ್ದು ನನ್ನ ಇನ್ನೊಂದು ತಪ್ಪು. ತೋಟಕ್ಕೆ ಮದ್ದು ಬಿಡುವ ಮುಂಚೆ ಅಪ್ಪ ಮೈಲುತುತ್ತು, ಸುಣ್ಣ ಬೆರೆಸಿ ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಹುಳಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಅಡಿಕೆಯ ಗೊನೆಗೆ ಇಷ್ಟು ಜಾಗ್ರತೆ ಮಾಡುವ ಮನೆಯಲ್ಲಿ ನಾನು ಮುಖಕ್ಕೆ ಹಚ್ಚುವ ಆಮ್ಲದ ಪಿಎಚ್ ನೋಡಿರಲಿಲ್ಲ! ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 3ರ ಶೇ. 10ರ ಗ್ಲೈಕೋಲಿಕ್, ಪಿಎಚ್ 4.4ರ ಶೇ. 20ಕ್ಕಿಂತ ಖಾರ. ಗ್ರಾಹಕರು ತಾವೇ ಹಚ್ಚಿಕೊಳ್ಳುವುದಕ್ಕೆ ಅಮೆರಿಕದ ಸೌಂದರ್ಯವರ್ಧಕ ತಜ್ಞರ ಸಮಿತಿ ಒಪ್ಪಿದ್ದು ಶೇ. 10ರವರೆಗೆ, ಅದೂ ಪಿಎಚ್ 3.5ಕ್ಕಿಂತ ಕಡಿಮೆಯಿಲ್ಲದಂತೆ. ಬಲವಾದ ಪೀಲ್‌ಗಳನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಬಳಸಬೇಡಿ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿತು. ಬಾಟಲಿಯ ಮೇಲೆ ಟಿಸಿಎ (ಟ್ರೈಕ್ಲೋರೊಅಸಿಟಿಕ್ ಆಮ್ಲ) ಎಂದು ಬರೆದಿದ್ದರೆ ಮುಟ್ಟಲೇಬೇಡಿ. ಇನ್ನೂ ಆಳಕ್ಕಿಳಿಯುವ ಫೀನಾಲ್ ಪೀಲ್ ಅಂತೂ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು.

ಮಾಡಲೇಬೇಕೆಂದಿದ್ದರೆ ಶೇ. 5ರಿಂದ 10ರೊಳಗಿನ ಲ್ಯಾಕ್ಟಿಕ್ ಅಥವಾ ಮ್ಯಾಂಡೆಲಿಕ್ ಆಮ್ಲ ಕೊಳ್ಳಿ. ಇವುಗಳ ಕಣ ಗ್ಲೈಕೋಲಿಕ್‌ಗಿಂತ ದೊಡ್ಡದು, ಒಳಗಿಳಿಯುವುದು ನಿಧಾನ. ಎಣ್ಣೆ ಚರ್ಮದಲ್ಲಿ ಮೊಡವೆ ಇನ್ನೂ ಏಳುತ್ತಿದ್ದರೆ ಶೇ. 2ರ ಸ್ಯಾಲಿಸಿಲಿಕ್ ವಾಸಿ. ಆಸ್ಪಿರಿನ್ ಅಲರ್ಜಿ ಇದ್ದವರಿಗೆ ಅದು ಬೇಡ. ಇವುಗಳಿಂದ ತಿಳಿಯಾಗುವುದು ಕಪ್ಪು ಕಲೆ ಮಾತ್ರ. ಕಲೆ ಗುಳಿಬಿದ್ದಿದ್ದರೆ ಯಾವ ಮನೆಮದ್ದೂ ಅದನ್ನು ತುಂಬುವುದಿಲ್ಲ. ಮೊಡವೆಗೆಂದು ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ತುಟಿಯ ಹತ್ತಿರ ಸರ್ಪಸುತ್ತಿನಂಥ ಗುಳ್ಳೆಗಳು ಆಗಾಗ ಏಳುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ. ನಿಂಬೆರಸ ಹಚ್ಚು ಎನ್ನುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಅದರ ಪಿಎಚ್ ಎರಡರ ಆಸುಪಾಸು, ಈಗಲ್ಲ, ಎಂದೂ ಬೇಡ.

ಒಂದು ವಾರ ಮೊದಲೇ ರೆಟಿನಾಲ್, ಅಡಾಪಲೀನ್ ಇರುವ ಕ್ರೀಮು, ಥ್ರೆಡಿಂಗ್ ನಿಲ್ಲಿಸಿ. ಕಿವಿಯ ಹಿಂದೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ. ಏನೂ ಆಗದಿದ್ದರೆ ಸಂಜೆ ಮುಖ ತೊಳೆದು ಪೂರ್ತಿ ಒಣಗಲು ಬಿಡಿ, ಮೂಗಿನ ಸಂದಿಗೆ, ತುಟಿಯ ಅಂಚಿಗೆ ವ್ಯಾಸಲೀನ್ ಸವರಿ, ತೊಳೆಯಬೇಕಾದ ಪೀಲ್ ಆದರೆ ಮೊಬೈಲಿನಲ್ಲಿ ಒಂದು ನಿಮಿಷದ ಅಲಾರಾಂ ಇಡಿ. ಅಷ್ಟರಲ್ಲಿ ಚರ್ಮ ಬಿಳುಚಿದರೆ, ಉರಿ ಏರಿದರೆ ಆ ಕ್ಷಣವೇ ತಣ್ಣೀರಿನಲ್ಲಿ ಧಾರಾಳವಾಗಿ ತೊಳೆಯಿರಿ. ಆಮೇಲೆ ಸಾದಾ ಮಾಯಿಶ್ಚರೈಸರ್, ಬೆಳಗ್ಗೆಯಿಂದ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಆಟಿಯ ಮೋಡ ಕವಿದ ದಿನವಾದರೂ ತಪ್ಪಿಸಬೇಡಿ. ಏಳುವ ಸಿಪ್ಪೆಯನ್ನು ಕೀಳಬೇಡಿ. ನೀರ್ಗುಳ್ಳೆ ಬಂದರೆ, ರಸ ಒಸರಿದರೆ ತುಪ್ಪ, ಟೂತ್‌ಪೇಸ್ಟ್ ಎಂದು ಕೂರದೆ ಅಂದೇ ವೈದ್ಯರ ಬಳಿ ಹೋಗಿ.

ಹದಿನೈದು ದಿನಕ್ಕೊಮ್ಮೆಯಂತೆ ಮಾಡಿದರೆ ನಿಮಗೆ ಸಿಗುವುದು ಮೂರು ಸಲ. ಕೊನೆಯದು ಮದುವೆಗೆ ಎರಡು ವಾರ ಇರುವಾಗಲೇ ಮುಗಿಯಲಿ. ಅಲ್ಲಿಂದ ಮುಂದೆ ಮುಖಕ್ಕೆ ಹೊಸದೇನನ್ನೂ ಸೋಕಿಸಬೇಡಿ, ಚಿಕ್ಕಮ್ಮ ಕಡಲೆಹಿಟ್ಟು ಕಲಸಿಕೊಂಡು ಎದುರಿಗೇ ಬಂದು ನಿಂತರೂ.