‘ನಾನೂ ರಿಪ್ಲೈ ಮಾಡೀನ್ರಿ ಮೇಡಂ’

ಈ ಮಾತನ್ನು ನಾನು ಕೇಳಿದ್ದು ಇದು ಮೂರನೇ ಸಲ. ಮೂವರು ಬೇರೆ ಬೇರೆ ಹುಡುಗಿಯರು, ಮಾತು ಮಾತ್ರ ಒಂದೇ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವ ಎಲ್ಲ ವಿವರ ಬದಲಿಸಿದ್ದೇನೆ.

ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಎಚ್‌ಡಿ ಮಾಡುವ ಹುಡುಗಿ. ಊರಲ್ಲಿ ಒಂದಿಷ್ಟು ತೊಗರಿ ಹೊಲ. ಆ ಮನೆಯಲ್ಲಿ ಇಷ್ಟು ಓದಿದವಳು ಇವಳೊಬ್ಬಳೇ. ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದು ನಿದ್ದೆ ಬರುವುದಿಲ್ಲ ಅಂತ. ಗೈಡ್, ಅಂದರೆ ಅವಳ ಪಿಎಚ್‌ಡಿಗೆ ಮಾರ್ಗದರ್ಶನ ಮಾಡುವ ಮೇಷ್ಟ್ರ ವಿಷಯ ಹೊರಬಂದಿದ್ದು ಎರಡನೇ ಭೇಟಿಯಲ್ಲಿ. ಮೊದಲು ಥೀಸಿಸ್ ಬಗ್ಗೆ ಮೆಸೇಜ್, ಆಮೇಲೆ ರಾತ್ರಿ ಹನ್ನೊಂದಕ್ಕೆ ಊಟ ಆಯ್ತಾ ಅಂತ, ಆಮೇಲೆ ಸೀರೆ ಉಟ್ಟ ಫೋಟೋ ಕಳಿಸು ಅಂತ, ಕೊನೆಗೆ ಒಂದು ಭಾನುವಾರ ಚಾಪ್ಟರ್ ತಿದ್ದೋಣ ಬಾ ಅಂತ ಚೇಂಬರಿಗೆ ಕರೆದು, ಬಾಗಿಲು ಮುಂದೆ ಮಾಡಿ, ಸೊಂಟಕ್ಕೆ ಕೈ ಹಾಕಿದ್ದು. ಅವಳು ಬ್ಯಾಗು ಅಲ್ಲೇ ಬಿಟ್ಟು ಓಡಿ ಬಂದಿದ್ದಳು.

ಮೂರನೇ ಭೇಟಿಯಲ್ಲಿ ಕೂತ ತಕ್ಷಣ ಮೊಬೈಲ್ ನನ್ನ ಮುಂದಿಟ್ಟಳು.

“ನೀವೇ ನೋಡ್ರಿ ಮೇಡಂ. ತಪ್ಪು ನಂದೂ ಅದ. ಎಲ್ಲಾದಕ್ಕೂ ನಾನೂ ರಿಪ್ಲೈ ಮಾಡೀನ್ರಿ.”

ಓದಿದೆ. ಅವರದು ಒಂದು ಸಾಲು, ಕೆಳಗೆ ಇವಳದು ‘ಹೌದು ಸರ್’, ‘ಆಯ್ತು ಸರ್’, ಪಕ್ಕದಲ್ಲಿ ಕೈ ಮುಗಿದ ಎಮೋಜಿ. ಫೋಟೋ ಕೇಳಿದಲ್ಲಿ ‘ಫೋನ್ ಕ್ಯಾಮೆರಾ ಕೆಟ್ಟಿದೆ ಸರ್’, ಮತ್ತೆ ಕೈ ಮುಗಿದದ್ದು.

ವರ್ಷಗಳ ಹಿಂದೆ ಮೊದಲನೇ ಹುಡುಗಿ ಹೀಗೇ ಮೊಬೈಲ್ ತೋರಿಸಿದಾಗ, “ಮತ್ತೆ ನೀನ್ಯಾಕೆ ಉತ್ತರ ಕೊಟ್ಟೆ?” ಅಂತ ಕೇಳಿಬಿಟ್ಟಿದ್ದೆ. ಅವಳು ಮತ್ತೆ ಬರಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಹಾಗಾಗಿ ಈ ಸಲ ಬೇರೆ ಥರ ಕೇಳಿದೆ.

“ಈ ಕೈ ಮುಗಿಯದಿದ್ದರೆ ಏನಾಗ್ತಿತ್ತು?”

“ಸಿಟ್ಟಿಗೇಳ್ತಿದ್ರು ರೀ. ಫೆಲೋಶಿಪ್‌ಗೆ, ರಿಪೋರ್ಟಿಗೆ, ಎಲ್ಲಾದಕ್ಕೂ ಅವರದೇ ಸಹಿ ಬೇಕಲ್ರಿ.”

ಹೇಳಿ ಸುಮ್ಮನಾದಳು. ಬಹಳ ಹೊತ್ತು ಮೊಬೈಲನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, “ಹಂಗಾರ ನಾ ಒಪ್ಪಿಲ್ಲ ಅಲ್ರಿ?” ಅಂದಳು.

ಒಪ್ಪಿಲ್ಲ ತಾಯಿ. ಸಹಿ ಹಾಕುವ ಕೈಯಲ್ಲಿ ನಿನ್ನ ಐದು ವರ್ಷದ ಓದು ಇರುವಾಗ ‘ಆಯ್ತು ಸರ್’ ಅನ್ನುವುದು ತಪ್ಪಿಸಿಕೊಳ್ಳುವ ದಾರಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಾಗಲಿ, ಕಾಲೇಜು, ವಿಶ್ವವಿದ್ಯಾಲಯಗಳಿಗಾಗಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದ 2015ರ ನಿಯಮಗಳಾಗಲಿ, ನೋಡುವುದು ಆ ನಡವಳಿಕೆ ನಿನಗೆ ಬೇಡವಾಗಿತ್ತಾ ಅಂತ. ಜೋರಾಗಿ ಬೇಡ ಅಂದೆಯಾ ಅಂತ ಅಲ್ಲ.

ಆಮೇಲೆ ಲೆಕ್ಕ ಹಾಕಿದೆವು. ಆ ಭಾನುವಾರದಿಂದ ಆಗಲೇ ಹತ್ತು ವಾರ ಕಳೆದಿತ್ತು. ಇಂಥ ದೂರು ವಿಚಾರಿಸಲೆಂದೇ ಸಂಸ್ಥೆಯೊಳಗೆ ಇರುವ ಆಂತರಿಕ ದೂರು ಸಮಿತಿಗೆ ಕೊನೆಯ ಘಟನೆಯಿಂದ 3 ತಿಂಗಳ ಒಳಗೆ ಬರಹದಲ್ಲಿ ದೂರು ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು, ಆದರೆ ಅದನ್ನೇ ನಂಬಿ ಕೂರಬಾರದು. ಒಂದೂ ಮೆಸೇಜ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಗೆಳತಿಗೆ ಕಳಿಸಿಡು, ತಾರೀಖು ಹಾಕಿ ನಡೆದದ್ದನ್ನೆಲ್ಲ ಇವತ್ತೇ ಬರೆದಿಡು ಅಂದೆ. ದೂರು ಕೊಡುವುದು ಬಿಡುವುದು ನಿನ್ನ ತೀರ್ಮಾನ, ಬರೆದಿಡುವುದು ಮಾತ್ರ ತಡ ಮಾಡಬೇಡ ಅಂತಲೂ ಹೇಳಿದೆ.

ಅವಳಿಗೆ ಗೈಡ್‌ಗಿಂತ ಜಾಸ್ತಿ ಭಯ ಮನೆಯದು. “ಅಪ್ಪಗ ಗೊತ್ತಾದ್ರ ಓದು ಬಿಡಿಸಿ ಮದಿವಿ ಮಾಡ್ತಾರ್ರಿ.” ಮನೆಗೆ ಹೇಳದೆಯೂ ದೂರು ಕೊಡಬಹುದು ಅಂದೆ. ಹೆತ್ತವರಿಂದ ಮುಚ್ಚಿಡಲು ಹೇಳಿಕೊಟ್ಟಿರಿ ಅಂತ ನನ್ನ ಜೊತೆ ಕೆಲಸ ಮಾಡುವವರೇ ಬೇಸರ ಮಾಡಿಕೊಂಡರು. ಅವಳಿಗೆ 27 ವರ್ಷ. ದೂರಿಗೆ ತಂದೆಯ ಒಪ್ಪಿಗೆ ಬೇಕಿಲ್ಲ, ದೂರು ಕೊಟ್ಟವಳ ಹೆಸರನ್ನು ಬಯಲು ಮಾಡುವಂತಿಲ್ಲ ಅಂತ ಕಾನೂನೇ ಹೇಳುತ್ತದೆ. ನಮ್ಮ ಭಾಗದಲ್ಲಿ ‘ಮನೆಗೆ ಫೋನ್ ಮಾಡ್ತೀವಿ’ ಅನ್ನುವ ಒಂದೇ ಮಾತಿಗೆ ಎಷ್ಟು ಹುಡುಗಿಯರು ಬಾಯಿ ಮುಚ್ಚಿಕೊಂಡಿದ್ದಾರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಈ ಸಲಹೆಯನ್ನು ನಾನು ವಾಪಸ್ ತಗೊಳ್ಳುವುದಿಲ್ಲ.

ಸಮಿತಿಯಲ್ಲಿ ಯಾರಿದ್ದಾರೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಹೆಸರಿನ ಪಟ್ಟಿ ಇತ್ತು, ಆಡಳಿತ ಕಚೇರಿಯ ಮಹಡಿಯಲ್ಲಿ, ಇಂಗ್ಲಿಷಿನಲ್ಲಿ. ಅದು ಹಾಸ್ಟೆಲಿನ ಊಟದ ಕೋಣೆಯಲ್ಲಿ ಕನ್ನಡದಲ್ಲಿ ಯಾಕಿರಬಾರದು? ವಿದ್ಯಾರ್ಥಿಯ ದೂರು ಇದ್ದಾಗ ಸಮಿತಿಯಲ್ಲಿ ಮೂವರು ವಿದ್ಯಾರ್ಥಿ ಸದಸ್ಯರೂ ಇರಬೇಕು ಅನ್ನುವುದು ವಿದ್ಯಾರ್ಥಿಗಳಿಗೇ ಗೊತ್ತಿಲ್ಲ. ಮೇಷ್ಟ್ರುಗಳಿಗೂ ಒಂದು ಮಾತು: ಹುಡುಗಿ ನಿಮ್ಮ ಹತ್ತಿರ ಬಂದರೆ ನಾನು ಮೊದಲ ಸಲ ಕೇಳಿದ ಆ ಪ್ರಶ್ನೆ ಕೇಳಬೇಡಿ. ಕೂರಿಸಿ, ಕೇಳಿಸಿಕೊಳ್ಳಿ, ಸಮಿತಿಯ ತನಕ ಜೊತೆಗೆ ಹೋಗಿ.

ಹನ್ನೆರಡನೇ ವಾರದಲ್ಲಿ ಅವಳು ದೂರು ಕೊಟ್ಟಳು, ಕನ್ನಡದಲ್ಲಿ, ಎರಡು ಪುಟ. ವಿಚಾರಣೆ ಮುಗಿಯುವ ತನಕ ಆ ಗೈಡ್ ಅವಳ ಕೆಲಸಕ್ಕೆ ಅಂಕ, ವರದಿ ಏನೂ ಬರೆಯಬಾರದು ಅಂತ ನಾವು ಕೇಳಿಕೊಂಡಿದ್ದೆವು, ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಸಿಕ್ಕಿತು. ಈಗ ಬೇರೆಯವರು ಸಹಿ ಹಾಕುತ್ತಾರೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಇನ್ನೂ ನಡೆಯುತ್ತಿದೆ. ನಿದ್ದೆ ಪೂರ್ತಿ ಸರಿ ಹೋಗಿಲ್ಲ. ಗುರುವಾರ ಮತ್ತೆ ಬರುತ್ತಾಳೆ.