ಬೆಳಕು ಬಿದ್ದರೆ ಕೋನ್ ಕೋಶದಲ್ಲಿ ಕರೆಂಟ್ ಹುಟ್ಟುತ್ತಾ?

ಪ್ರಶ್ನೆ: ತಮ್ಮನ ಕಣ್ಣಿಗೆ ಇಆರ್‌ಜಿ (ಬೆಳಕಿಗೆ ರೆಟಿನಾ, ಅಂದರೆ ಕಣ್ಣಿನ ಹಿಂಪರದೆ, ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ) ಪರೀಕ್ಷೆ ಮಾಡಿಸಿದೆವು. ‘ಕೋನ್ ಪ್ರತಿಕ್ರಿಯೆ ಕಡಿಮೆ, ರಾಡ್ ಸರಿಯಿದೆ’ ಎಂದು ರಿಪೋರ್ಟ್ ಬಂದಿದೆ. ರೆಟಿನಾದಲ್ಲಿ ಬೆಳಕು ಗ್ರಹಿಸುವ ಈ ಎರಡು ಬಗೆಯ ಕೋಶಗಳಲ್ಲಿ ರಾಡ್‌ಗಳೇ ಜಾಸ್ತಿ ಅಲ್ವಾ? ಕೋನ್‌ಗಳದ್ದನ್ನು ಮಾತ್ರ ಹೇಗೆ ಅಳೆಯುತ್ತಾರೆ? ಬೆಳಕು ಬಿದ್ದಾಗ ಅವು ಕರೆಂಟ್ ಹುಟ್ಟಿಸುತ್ತವೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ನಡೆಯುವುದು ಉಲ್ಟಾ. ಕತ್ತಲಲ್ಲಿ ಕೋನ್ ಕೋಶದ ಪೊರೆಯ ಬಾಗಿಲುಗಳು ತೆರೆದಿರುತ್ತವೆ. ಸೋಡಿಯಂ, ಕ್ಯಾಲ್ಸಿಯಂ ಒಳಗೆ ಹರಿಯುತ್ತಲೇ ಇರುತ್ತವೆ. ಬೆಳಕು ಬಿದ್ದರೆ ಬಾಗಿಲುಗಳು ಮುಚ್ಚುತ್ತವೆ, ಹರಿವು ತಗ್ಗುತ್ತದೆ. ಸುಮಾರು ಮೈನಸ್ 40 ಮಿಲಿವೋಲ್ಟ್ ಇದ್ದ ಒಳಗಿನ ವೋಲ್ಟೇಜ್ ಇನ್ನೂ ಕೆಳಗಿಳಿಯುತ್ತದೆ. ಕೋಶ ಹೊರಬಿಡುವ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಕೂಡ ಕಡಿಮೆಯಾಗುತ್ತದೆ. ಸಂದೇಶವನ್ನು ಮುಂದಕ್ಕೆ ದಾಟಿಸುವ ಬೈಪೋಲಾರ್ ಕೋಶಗಳಿಗೆ ಬೆಳಕು ಬಂದದ್ದು ಗೊತ್ತಾಗುವುದೇ ಈ ಇಳಿಕೆಯಿಂದ. ಅವುಗಳಲ್ಲಿ ಒಂದು ಗುಂಪು ಚುರುಕಾಗುತ್ತದೆ, ಇನ್ನೊಂದು ತಣ್ಣಗಾಗುತ್ತದೆ.

ಇಆರ್‌ಜಿ ಗ್ರಾಫ್‌ನಲ್ಲಿ ಮೊದಲು ಕೆಳಗಿಳಿಯುವುದು ಎ ಅಲೆ, ಆಮೇಲೆ ಮೇಲೇರುವುದು ಬಿ ಅಲೆ. ಎ ಅಲೆ ಕೋನ್‌ನದ್ದು, ಬಿ ಅಲೆ ಬೈಪೋಲಾರ್‌ನದ್ದು ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಬೆಳಕಿನಲ್ಲಿ ಮಾಡುವ ಪರೀಕ್ಷೆಯಲ್ಲಿ ಅದು ಅಷ್ಟು ಸರಳವಲ್ಲ. ಎ ಅಲೆಯಲ್ಲೂ ಬೈಪೋಲಾರ್‌ಗಳ ಪಾಲಿರುತ್ತದೆ. ಹಾಗಾಗಿ ‘ಕೋನ್ ಪ್ರತಿಕ್ರಿಯೆ’ ಎಂದರೆ ಕೋನ್ ಮತ್ತು ಅದರ ಮುಂದಿನ ಕೊಂಡಿ ಎರಡೂ ಸೇರಿದ್ದು.

ಇನ್ನು ಬೇರ್ಪಡಿಸುವ ವಿಷಯ. ರಾಡ್‌ಗಳು ಸುಮಾರು 12 ಕೋಟಿ, ಕೋನ್‌ಗಳು 60 ಲಕ್ಷದ ಆಸುಪಾಸು. ಆದರೆ ರಾಡ್‌ಗಳು ಮಂದ ಬೆಳಕಿಗೆ ಹೇಳಿಮಾಡಿಸಿದವು, ಜೋರು ಬೆಳಕಿನಲ್ಲಿ ಬೇಗ ಕೈಚೆಲ್ಲುತ್ತವೆ. ಅದಕ್ಕೇ 10 ನಿಮಿಷ ಕಣ್ಣನ್ನು ಬೆಳಕಿಗೆ ಒಗ್ಗಿಸಿ, ಹಿನ್ನೆಲೆಯ ಬೆಳಕು ಆರಿಸದೆಯೇ ಫ್ಲ್ಯಾಶ್ ಕೊಡುತ್ತಾರೆ. ಜೊತೆಗೆ ಸೆಕೆಂಡಿಗೆ ಸುಮಾರು 30 ಸಲ ಮಿನುಗಿಸುತ್ತಾರೆ. ಆ ವೇಗ ರಾಡ್‌ಗಳಿಗೆ ಆಗದು, ಕೋನ್‌ಗಳಿಗೆ ಸಲೀಸು. ಅಲೆಯ ಎತ್ತರದಷ್ಟೇ ಅದು ತಡವಾಗಿ ಬಂತೇ ಎನ್ನುವುದೂ ಇಲ್ಲಿ ಮುಖ್ಯ.

ಇದು ಇಡೀ ರೆಟಿನಾದ ಒಟ್ಟು ಲೆಕ್ಕ. ಓದಲು, ಮುಖ ಗುರುತಿಸಲು ಬೇಕಾದ ನಡುಭಾಗದಲ್ಲಿ ಕೋನ್‌ಗಳು ದಟ್ಟವಾಗಿದ್ದರೂ ಒಟ್ಟು ಕೋನ್‌ಗಳಲ್ಲಿ ಹೆಚ್ಚಿನವು ಅದರ ಹೊರಗಿವೆ. ಬರೀ ನಡುಭಾಗ ಕೆಟ್ಟರೆ ಈ ಪರೀಕ್ಷೆ ನಾರ್ಮಲ್ ಎಂದೇ ಬರಬಹುದು. ಅದನ್ನು ಹಿಡಿಯಲು ನಡುಭಾಗವನ್ನು ತುಣುಕು ತುಣುಕಾಗಿ ಅಳೆಯುವ ಮಲ್ಟಿಫೋಕಲ್ ಇಆರ್‌ಜಿ ಇದೆ. ತಮ್ಮನದು ಇಡೀ ರೆಟಿನಾದ ಪರೀಕ್ಷೆಯಾಗಿದ್ದು ಅದರಲ್ಲೇ ಕಡಿಮೆ ಬಂದಿದ್ದರೆ, ತೊಂದರೆ ನಡುಭಾಗದಲ್ಲಷ್ಟೇ ಇರುವ ಸಾಧ್ಯತೆ ಕಡಿಮೆ. ಜೋರು ಬೆಳಕಿಗೆ ಕಣ್ಣು ಕುಕ್ಕುವುದು, ಬಣ್ಣ ಗುರುತಿಸಲು ಕಷ್ಟವಾಗುವುದು ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.