ಪ್ರಿಮವೆರಾ ಅಡ್ಮಿನ್ ಕೆಲಸ: ಎಲ್ಲಿಂದ ಕಲಿಯಲು ಶುರು ಮಾಡಲಿ?

ಪ್ರಶ್ನೆ: ನಾನು ಪ್ಲಾನಿಂಗ್ ಎಂಜಿನಿಯರ್. ಪ್ರಾಜೆಕ್ಟ್‌ಗಳ ವೇಳಾಪಟ್ಟಿ ಮಾಡುವ ಪ್ರಿಮವೆರಾ ಪಿ6 ಸಾಫ್ಟ್‌ವೇರ್‌ನಲ್ಲಿ ಶೆಡ್ಯೂಲ್ ಮಾಡಿ ರೂಢಿಯಿದೆ. ಈಗ ಇಡೀ ಕಂಪನಿಯ ಪಿ6 ಅಡ್ಮಿನ್ ಕೆಲಸವನ್ನೂ ನನಗೇ ವಹಿಸಿದ್ದಾರೆ. ಮೆನುಗಳನ್ನು ಒಂದೊಂದಾಗಿ ತೆರೆದು ಓದುತ್ತಿದ್ದೇನೆ, ತಲೆಗೆ ಹತ್ತುತ್ತಿಲ್ಲ. ಯಾವ ಕ್ರಮದಲ್ಲಿ ಕಲಿಯಲಿ?

ಉತ್ತರ: ಮೆನು ಓದುವುದನ್ನು ಸದ್ಯಕ್ಕೆ ಬಿಡಿ. ಪ್ಲಾನರ್ ಕೈ ತಪ್ಪಿದರೆ ಕೆಡುವುದು ಅವರ ಒಂದು ಪ್ರಾಜೆಕ್ಟ್. ಅಡ್ಮಿನ್ ಕೈ ತಪ್ಪಿದರೆ ಎಲ್ಲರದ್ದೂ ಕೆಡುತ್ತದೆ. ಹಾಗಾಗಿ ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ, ಇದು ಯಾರ ಯಾರ ಕೆಲಸಕ್ಕೆ ತಟ್ಟುತ್ತದೆ ಎಂದು ನೋಡಿಕೊಳ್ಳಿ. ಕೆಲಸದ ದಿನ, ಗಂಟೆ, ರಜೆ ಹೇಳುವ ಕ್ಯಾಲೆಂಡರ್ ಗ್ಲೋಬಲ್ (ಎಲ್ಲ ಪ್ರಾಜೆಕ್ಟ್‌ಗಳಿಗೂ ಸಿಗುವುದು), ರಿಸೋರ್ಸ್ (ಜನ, ಯಂತ್ರಗಳದ್ದು), ಪ್ರಾಜೆಕ್ಟ್ ಎಂದು ಮೂರು ಬಗೆ. ಆ್ಯಕ್ಟಿವಿಟಿ ಕೋಡ್‌ಗಳು (ಕೆಲಸಗಳನ್ನು ವಿಂಗಡಿಸುವ ಗುರುತುಗಳು) ಗ್ಲೋಬಲ್, ಇಪಿಎಸ್ (ಕಂಪನಿಯ ಪ್ರಾಜೆಕ್ಟ್‌ಗಳ ಗುಂಪು), ಪ್ರಾಜೆಕ್ಟ್ ಎಂಬ ಮೂರು ಹಂತದಲ್ಲಿರುತ್ತವೆ. ಗ್ಲೋಬಲ್ ಕ್ಯಾಲೆಂಡರ್‌ನಲ್ಲಿ ಒಂದು ರಜೆ ಸೇರಿಸಿದರೂ ಸಾಕು, ಅದನ್ನು ಬಳಸುವ ಪ್ರಾಜೆಕ್ಟ್‌ಗಳನ್ನು ಮುಂದಿನ ಸಲ ಶೆಡ್ಯೂಲ್ ಮಾಡಿದಾಗ ತಾರೀಕುಗಳು ಜರುಗುತ್ತವೆ.

ಮೊದಲು ಗಂಟೆಗಳ ಲೆಕ್ಕ ಕಲಿಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ. ಪಿ6 ಅವಧಿಯನ್ನು ಒಳಗೆ ಗಂಟೆಗಳಲ್ಲೇ ಇಟ್ಟುಕೊಳ್ಳುತ್ತದೆ, ತೋರಿಸುವಾಗ ಮಾತ್ರ ದಿನ ಮಾಡುತ್ತದೆ. ಅಡ್ಮಿನ್ ಪ್ರಿಫರೆನ್ಸಸ್‌ನಲ್ಲಿ ದಿನಕ್ಕೆ 8 ಗಂಟೆ ಎಂದಿದೆ, ಸೈಟ್ ಕ್ಯಾಲೆಂಡರ್ 10 ಗಂಟೆಯದ್ದು ಎಂದುಕೊಳ್ಳಿ. ಪೂರ್ತಿ ಒಂದು ದಿನದ ಕೆಲಸ ಪರದೆಯ ಮೇಲೆ 1.25 ದಿನ ಎಂದು ಕಾಣುತ್ತದೆ. ನೀವು 4 ದಿನ ಎಂದು ಟೈಪ್ ಮಾಡಿದರೆ ಅದು 32 ಗಂಟೆ ಎಂದು ಹಿಡಿಯುತ್ತದೆ, ಕೆಲಸ ನಾಲ್ಕನೇ ದಿನ ಬೆಳಗ್ಗೆಯೇ ಮುಗಿದುಹೋಗುತ್ತದೆ. ಸಾಫ್ಟ್‌ವೇರ್ ಸರಿಯಿಲ್ಲ ಎಂದು ಬೈಯುವ ಎಷ್ಟೋ ಪ್ಲಾನರ್‌ಗಳ ತೊಂದರೆಯ ಬೇರು ಇದೇ. ಟೈಮ್ ಪೀರಿಯಡ್ಸ್ ಪುಟದಲ್ಲಿ, ಆಯಾ ಕ್ಯಾಲೆಂಡರ್‌ನ ಗಂಟೆಗಳನ್ನೇ ಬಳಸು ಎಂಬ ಆಯ್ಕೆ ಇದೆ. ಅದನ್ನು ಟಿಕ್ ಮಾಡಿ, ಪ್ರತಿ ಕ್ಯಾಲೆಂಡರ್‌ನಲ್ಲೂ ದಿನದ ಗಂಟೆ ಸರಿಯಾಗಿ ತುಂಬಿ. ಆದರೆ ಪ್ರಾಜೆಕ್ಟ್‌ಗಳು ನಡೆಯುತ್ತಿರುವಾಗ ಸುಮ್ನೆ ಬದಲಿಸಬೇಡಿ. ಒಳಗಿನ ಗಂಟೆಗಳು ಹಾಗೇ ಇರುತ್ತವೆ, ಕಾಣುವ ದಿನಗಳು ಮಾತ್ರ ಬದಲಾಗುತ್ತವೆ. ಎಲ್ಲರಿಗೂ ಮೊದಲೇ ಹೇಳದಿದ್ದರೆ ಗಾಬರಿಯ ಫೋನುಗಳು ಶುರು.

ಆಮೇಲೆ ಇಪಿಎಸ್ (ಎಂಟರ್‌ಪ್ರೈಸ್ ಪ್ರಾಜೆಕ್ಟ್ ಸ್ಟ್ರಕ್ಚರ್) ಮತ್ತು ಒಬಿಎಸ್ (ಆರ್ಗನೈಸೇಷನಲ್ ಬ್ರೇಕ್‌ಡೌನ್ ಸ್ಟ್ರಕ್ಚರ್). ಪ್ರಾಜೆಕ್ಟ್‌ಗಳನ್ನು ಜೋಡಿಸಿಡುವುದು ಇಪಿಎಸ್‌ನಲ್ಲಿ. ಯಾವುದಕ್ಕೆ ಯಾರು ಹೊಣೆ ಎಂದು ಹೇಳುವುದು ಒಬಿಎಸ್. ಬಳಕೆದಾರರನ್ನು ಒಬಿಎಸ್‌ಗೆ ಸೇರಿಸುತ್ತೀರಿ, ಆ ಒಬಿಎಸ್ ಅನ್ನು ಇಪಿಎಸ್‌ಗೆ ರೆಸ್ಪಾನ್ಸಿಬಲ್ ಮ್ಯಾನೇಜರ್ ಆಗಿ ಕೊಡುತ್ತೀರಿ. ‘ನನಗೆ ಪ್ರಾಜೆಕ್ಟೇ ಕಾಣ್ತಿಲ್ಲ’ ಎಂದು ಯಾರಾದರೂ ದೂರಿದರೆ ಮೊದಲು ಈ ಕೊಂಡಿ ನೋಡಿ. ಇವೆರಡನ್ನೂ ಕಾಗದದ ಮೇಲೆ ಬರೆದು, ಮೇಲಿನವರಿಗೆ ತೋರಿಸಿ, ಆಮೇಲೆ ಪಿ6ಗೆ ಹಾಕಿ.

ಹೊರಗಿನಿಂದ ಬರುವ ಎಕ್ಸ್‌ಇಆರ್ ಫೈಲ್‌ಗಳ (ಪಿ6 ಶೆಡ್ಯೂಲ್ ಕಳಿಸಿಕೊಳ್ಳುವ ಫೈಲ್‌ಗಳು) ಬಗ್ಗೆ ಹುಷಾರು. ಗುತ್ತಿಗೆದಾರರ ಶೆಡ್ಯೂಲ್ ಜೊತೆಗೆ ಅವರ ಗ್ಲೋಬಲ್ ಕ್ಯಾಲೆಂಡರ್, ಕೋಡ್‌ಗಳೂ ನಿಮ್ಮ ಡೇಟಾಬೇಸ್‌ಗೆ ನುಗ್ಗುತ್ತವೆ. ಒಂದೆರಡು ವರ್ಷದಲ್ಲಿ ಕ್ಯಾಲೆಂಡರ್ ಪಟ್ಟಿ ಸಂತೆಯಾಗುತ್ತದೆ. ಬಂದ ಫೈಲ್ ಅನ್ನು ಮೊದಲು ಬೇರೆ ಡೇಟಾಬೇಸ್‌ಗೆ ಇಂಪೋರ್ಟ್ ಮಾಡಿ, ಕ್ಯಾಲೆಂಡರ್‌ಗಳನ್ನು ಪ್ರಾಜೆಕ್ಟ್ ಹಂತಕ್ಕೆ ಇಳಿಸಿ, ಕಸ ತೆಗೆದು, ಆಮೇಲೆ ಒಳಗೆ ಬಿಡಿ. ಇಂಪೋರ್ಟ್ ಆಯ್ಕೆಗಳಲ್ಲಿ ಗ್ಲೋಬಲ್ ವಿಷಯಗಳಿಗೆ ‘ಅಪ್‌ಡೇಟ್ ಎಕ್ಸಿಸ್ಟಿಂಗ್’ ಬೇಡವೇ ಬೇಡ. ನಿಮ್ಮದರ ಮೇಲೆ ಅವರದ್ದು ಬಂದು ಕೂರುತ್ತದೆ.

ಅಭ್ಯಾಸಕ್ಕೆ ಐಟಿಯವರಲ್ಲಿ ಟೆಸ್ಟ್ ಡೇಟಾಬೇಸ್ ಕೇಳಿ. ಕೊಡದಿದ್ದರೆ ಪಿ6 ಪ್ರೊಫೆಷನಲ್ ಅನ್ನು ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಜೊತೆ ನಿಮ್ಮ ಕಂಪ್ಯೂಟರ್‌ನಲ್ಲೇ ಹಾಕಿಕೊಳ್ಳಬಹುದು. ಟೆಸ್ಟ್ ಡೇಟಾಬೇಸ್ ಸಿಕ್ಕರೆ ಅಲ್ಲಿ ಒಬ್ಬ ಸಾಮಾನ್ಯ ಬಳಕೆದಾರನನ್ನು ಸೃಷ್ಟಿಸಿ, ಆ ಹೆಸರಿನಲ್ಲೇ ಲಾಗಿನ್ ಆಗಿ ನೋಡಿ. ಅಡ್ಮಿನ್ ಆಗಿ ನೋಡಿದಾಗ ಎಲ್ಲವೂ ಸರಿಯಾಗೇ ಕಾಣುತ್ತದೆ, ಅಲ್ವಾ?

ಪ್ರಶ್ನೆ: ‘ಗೋಜೇ ಬೇಡ, ಎಲ್ಲರಿಗೂ ಅಡ್ಮಿನ್ ಸೂಪರ್‌ಯೂಸರ್ ಕೊಟ್ಟುಬಿಡಿ’ ಎನ್ನುತ್ತಾರೆ ನಮ್ಮ ಮ್ಯಾನೇಜರ್. ಅಂದರೆ ಎಲ್ಲವನ್ನೂ ತಿದ್ದುವ ಪೂರ್ತಿ ಅಧಿಕಾರ. ಕೊಡಬಹುದೇ?

ಉತ್ತರ: ಬೇಡ. ಪ್ಲಾನರ್‌ಗಳಿಗೆ ಅವರವರ ಒಬಿಎಸ್‌ನಲ್ಲಿ ಮಾತ್ರ ಪ್ರಾಜೆಕ್ಟ್ ಸೂಪರ್‌ಯೂಸರ್ ಕೊಟ್ಟರೂ ಅವರ ಕೆಲಸ ಸಲೀಸಾಗಿ ನಡೆಯುತ್ತದೆ. ಗ್ಲೋಬಲ್ ಕ್ಯಾಲೆಂಡರ್, ಗ್ಲೋಬಲ್ ಕೋಡ್ ತಿದ್ದುವ ಅಧಿಕಾರವಿಲ್ಲದ ಒಂದು ಗ್ಲೋಬಲ್ ಪ್ರೊಫೈಲ್ (ಅಧಿಕಾರಗಳ ಪಟ್ಟಿ) ಮಾಡಿ ಪ್ಲಾನರ್‌ಗಳಿಗೆಲ್ಲ ಅದನ್ನೇ ಹಚ್ಚಿ. ಅಡ್ಮಿನ್ ಸೂಪರ್‌ಯೂಸರ್ ಇಬ್ಬರ ಕೈಯಲ್ಲಿರಲಿ, ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ.